ಕಟ್ಟೆಯ ಮೇಲಿನ ಚಿಲುಮೆ

ನಮ್ಮ ಮನೆಗೆ ಬಂದವರನ್ನು ಮೂಸಿ ನೋಡುವ ಕೆಲಸ ನನ್ನದಾಗಿತ್ತು. ಕೇಳಿದವರು ನಗುತ್ತಾರೆ, ನಗಲಿ. ಓಣಿಯ ಬೇರೆ ಹೆಣ್ಣುಮಕ್ಕಳು ಮಣ್ಣಿನ ಒಲೆ ಹೂಡಿ ಸುಳ್ಳುಸುಳ್ಳೇ ರೊಟ್ಟಿ ಬಡಿಯುತ್ತಿದ್ದ ವಯಸ್ಸಿನಲ್ಲಿ ನಾನು ಬೈಲಹೊಂಗಲದ ನಮ್ಮ ತಲೆಬಾಗಿಲಲ್ಲಿ ನಿಂತು, ಬಂದ ಗಂಡಸರ ಅಂಗಿ, ರುಮಾಲು, ಹೆಗಲ ಮೇಲಿನ ಕಂಬಳಿಗಳ ವಾಸನೆ ಹಿಡಿದು, ಒಳಗೆ ಬಿಡಬಹುದೋ ಬಾರದೋ ಎಂದು ತೀರ್ಪು ಕೊಡುತ್ತಿದ್ದೆ. ಅಪ್ಪ ಹತ್ತಿಯ ದಲಾಲಿ ಮಾಡುತ್ತಿದ್ದ. ಶಿವರಾತ್ರಿಯಿಂದ ಮುಂಗಾರಿನ ತನಕ ಸುತ್ತಲಿನ ರೈತರ ಹತ್ತಿ ನಮ್ಮ ಮನೆಯಲ್ಲೇ ಬಂದು ಬೀಳುತ್ತಿತ್ತು. ಪಡಸಾಲೆಯಲ್ಲಿ ತೊಲೆ ಮುಟ್ಟುವಷ್ಟು, ನಡುಮನೆಯಲ್ಲಿ ಎದೆಮಟ್ಟ, ದೇವರಮನೆಯ ಬಾಗಿಲಲ್ಲಿ ಅಪ್ಪ ಲಿಂಗಪೂಜೆಗೆ ಅಡ್ಡಗಾಲಿಟ್ಟು ದಾಟಿ ಹೋಗುವಷ್ಟು. ನಮ್ಮ ಮನೆಯಲ್ಲಿ ಹತ್ತಿ ಇತ್ತು ಎನ್ನುವುದಕ್ಕಿಂತ ಹತ್ತಿಯ ಮನೆಯಲ್ಲಿ ನಾವಿದ್ದೆವು ಎನ್ನುವುದೇ ಸರಿ. ಮಜ್ಜಿಗೆಯಲ್ಲಿ ಎಳೆ, ಝುಣಕದಲ್ಲಿ ಎಳೆ, ಅವ್ವನ ಹುಬ್ಬಿನ ಮೇಲೆ ಎಳೆ. ಬಾಯಿಂದ ಹತ್ತಿಯನ್ನು ಎಳೆದು ತೆಗೆಯುತ್ತಲೇ ನಾವು ಊಟ ಮುಗಿಸುತ್ತಿದ್ದೆವು. ಮುಂದೆ ಗಂಡನ ಮನೆಯಲ್ಲಿ ಎಳೆಯಿಲ್ಲದ ಮಜ್ಜಿಗೆ ಕುಡಿದಾಗ ನನಗೆ ಅದು ನೀರೆನಿಸಿತ್ತು.

ಹತ್ತಿಯ ಬೆಂಕಿ ಬೇರೆ ಬೆಂಕಿಯ ಹಾಗಲ್ಲ. ಬಣವೆಗೆ ಬಿದ್ದ ಕಿಡಿ ಕೂಡಲೇ ಊರಿಗೆಲ್ಲ ಕೂಗಿ ಹೇಳುತ್ತದೆ. ಹತ್ತಿಗೆ ಬಿದ್ದ ಕಿಡಿ ಒಳಗಿಳಿದು ಕೂರುತ್ತದೆ. ಮೇಲೆ ಬೆಳ್ಳಗೆ, ತಣ್ಣಗೆ. ಒಳಗೆ ಹುಳದ ಹಾಗೆ ಕೊರೆಯುತ್ತ ಕೊರೆಯುತ್ತ ಹೋಗಿ ಎಂದೋ ಒಂದು ದಿನ ಹೊರಗೆ ಬರುತ್ತದೆ. ನಾನು ಹುಟ್ಟುವ ಮೊದಲು ಹಿಂದಿನ ಓಣಿಯ ಒಂದು ಮನೆ ಹಾಗೆಯೇ ಹೋಯಿತಂತೆ. ಅಪ್ಪ ಅದನ್ನು ಕಣ್ಣಾರೆ ಕಂಡವನು. ಕಾಣದ ಬೆಂಕಿಯನ್ನು ಮೂಗೊಂದೇ ಹಿಡಿಯಬಲ್ಲದೆಂಬುದು ಅವನ ನಂಬಿಕೆ. ಒಮ್ಮೆ ನಾನು ಹಿತ್ತಲಿನಲ್ಲಿ ಆಡುತ್ತಿದ್ದಾಗಲೇ ಅಡುಗೆಮನೆಯಲ್ಲಿ ಹಾಲು ತಳಹಿಡಿದದ್ದನ್ನು ಹೇಳಿದೆನಂತೆ. ಅಲ್ಲಿಗೆ ನನ್ನ ಬಾಲ್ಯ ಮುಗಿಯಿತು. ಅಂದಿನಿಂದ ಈ ಹೊತ್ತಿನ ತನಕ ಎಲ್ಲೋ ಏನೋ ಸುಡುತ್ತಿದೆ ಎಂಬ ಗುಮಾನಿ ನನ್ನನ್ನು ಬಿಟ್ಟಿಲ್ಲ. ಊರಿಗೆ ಹೊರಟು ಗಾಡಿ ಹತ್ತಿದವಳು ಇಳಿದು ಬಂದು ಒಲೆಯ ಬೂದಿಗೆ ಬೆರಳಿಟ್ಟು ನೋಡಿ ಹೋಗುತ್ತೇನೆ. ನಮ್ಮ ಮನೆಯವರು ಮೊದಮೊದಲು ಸಿಟ್ಟಾಗುತ್ತಿದ್ದರು, ಈಗ ಗಾಡಿಯವನಿಗೇ ಮೊದಲು ಹೇಳಿಡುತ್ತಾರೆ.

ಹತ್ತಿ ಬಂತೆಂದರೆ ಒಲೆ ಹಿತ್ತಲಿಗೆ ಹೋಗುತ್ತಿತ್ತು. ಬಾವಿಯ ಪಕ್ಕದ ಚಪ್ಪರದಡಿ ಅವ್ವ ರೊಟ್ಟಿ ಬಡಿದು, ಮನೆಯನ್ನು ಸುತ್ತು ಹಾಕಿ ತರುವಷ್ಟರಲ್ಲಿ ಅವು ಆರಿ ಚಕ್ಕೆಯಾಗಿರುತ್ತಿದ್ದವು. ಸಂಜೆಗೆ ಒಂದೇ ಕಂದೀಲು, ಅದೂ ಅಂಗಳದ ಗೂಟಕ್ಕೆ. ಗಂಡಸರೆಲ್ಲ ಸೊಂಟದಲ್ಲಿ ಚಂಚಿ ಸಿಕ್ಕಿಸಿಕೊಂಡೇ ತಿರುಗುವ ಕಾಲ ಅದು. ಚಂಚಿಯಲ್ಲಿ ತಂಬಾಕು, ಚಕಮಕಿ ಕಲ್ಲು, ಉಕ್ಕಿನ ತುಂಡು, ಕಿಡಿ ಹಿಡಿಯಲು ಒಂದಿಷ್ಟು ಅರಳೆ. ಆ ಅರಳೆಯನ್ನೂ ನಮ್ಮ ಮನೆಯ ರಾಶಿಯಿಂದಲೇ ಕಿತ್ತುಕೊಂಡು ಹೋಗಿರುತ್ತಿದ್ದರು. ತಲೆಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ಚಂಚಿ ಇಟ್ಟು ಒಳಗೆ ಬರಬೇಕು, ಹೋಗುವಾಗ ಒಯ್ಯಬೇಕು. ಸವದತ್ತಿ ಕಡೆಯಿಂದ ಹತ್ತಿ ತರುತ್ತಿದ್ದ ಬಸಪ್ಪಜ್ಜ ಎಂಬ ರೈತ ಒಮ್ಮೆ ಕೈ ಬೀಸಿಕೊಂಡು ಒಳಗೆ ಹೊರಟ. ನಾನು ಅಡ್ಡ ನಿಂತೆ.

“ಅಜ್ಜಾ, ರುಮಾಲ ಬಿಚ್ಚು.”

“ಯಾಕವಾ, ತಲ್ಯಾಗ ಹೇನ ಅದಾವೇನು?”

“ಚಕಮಕಿ ಐತಿ.”

ಬಸಪ್ಪಜ್ಜ ರುಮಾಲಿನ ಸುತ್ತಿನಿಂದ ಕಲ್ಲನ್ನು ತೆಗೆದು ಗೂಡಿನಲ್ಲಿಟ್ಟು, ಅಪ್ಪನತ್ತ ತಿರುಗಿ, “ಸಾವಕಾರ್ರ, ನಾಯಿ ಭಾಳ ಛಲೋ ಸಾಕೀರಿ, ಬೊಗಳೂದಿಲ್ಲ, ಬರೇ ಮೂಸತೈತಿ” ಎಂದ. ಎಲ್ಲರೂ ನಕ್ಕರು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಈ ಕಾಯಿದೆಯನ್ನು ಎಲ್ಲರಿಗಿಂತ ಚೆನ್ನಾಗಿ ನಡೆಸಿದವಳೆಂದರೆ ನಮ್ಮ ಅತ್ತೆ, ಅಪ್ಪನ ಅಕ್ಕ, ಗಂಗವ್ವ. ಆಕೆಯನ್ನು ಉಗರಗೋಳಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆಯನ್ನೂ ಒಂದು ಚಿಲುಮೆಯನ್ನೂ ತೆಗೆದುಕೊಂಡು ತವರಿಗೆ ಬಂದಳು. ಚಿಲುಮೆ ಆಕೆಗೆ ಅತ್ತೆಮನೆಯ ಬಳುವಳಿ. ಹಲ್ಲುನೋವಿಗೆಂದು ಅವಳ ಅತ್ತೆ ಹೊಲದ ಬದುವಿನಲ್ಲಿ ಕೂಡಿಸಿ ಸೇದುವುದನ್ನು ಕಲಿಸಿದಳಂತೆ. ಹಲ್ಲು ಹೋದವು, ಚಿಲುಮೆ ಉಳಿಯಿತು. ಹತ್ತಿ ಇಲ್ಲದ ತಿಂಗಳುಗಳಲ್ಲಿ ಆಕೆ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ, ಒಂದು ಕಾಲು ಚಾಚಿ, ಚಿಲುಮೆಯ ಬುಡಕ್ಕೆ ಒದ್ದೆ ಚಿಂದಿ ಸುತ್ತಿ, ಕಣ್ಣು ಮುಚ್ಚಿ ಎಳೆಯುತ್ತಿದ್ದಳು. ಅಪ್ಪ ಎದುರಿಗೇ ಕೂತು ಆಕೆಯ ಹತ್ತಿರ ವ್ಯವಹಾರ ಮಾತಾಡುತ್ತಿದ್ದ. ಹತ್ತಿ ಬಂತೋ, ಯಾರೂ ಹೇಳುವುದೇ ಬೇಡ, ಅತ್ತೆ ಬಾವಿಯಾಚೆಯ ಬೇವಿನ ಗಿಡದ ಕೆಳಗೆ. ಬಿಸಿಲಿರಲಿ, ಮೈಯಲ್ಲಿ ಜ್ವರವಿರಲಿ, ಅಲ್ಲಿಗೇ ಹೋಗಿ ಸೇದಿ, ಕೆಂಡದ ಮೇಲೆ ನೀರು ಸುರಿದು, ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ಬಂದವಳು ಹಿತ್ತಲ ಬಾಗಿಲಲ್ಲಿ ಎರಡೂ ಅಂಗೈ ಮುಂದೆ ಹಿಡಿದು, ಸೀರೆಯ ಸೆರಗು ಝಾಡಿಸಿ, “ಮೂಸವಾ ನೀಲಾ, ಪೋಲೀಸ ಮಾಡ್ಯಾರ ನಿನ್ನ” ಎನ್ನುತ್ತಿದ್ದಳು. ನಾನು ಮೂಸುತ್ತಿದ್ದೆ. ಆಕೆ ಕಾಯುತ್ತಿದ್ದಳು. ಹುಡುಗಿಯೆಂದು ಒಮ್ಮೆಯೂ ನನ್ನನ್ನು ದಾಟಿ ಹೋದವಳಲ್ಲ.

ಆಮೇಲೆ ಊರಿಗೆ ಜಿನ್ನು ಬಂತು. ಹತ್ತಿಯಿಂದ ಕಾಳು ಬಿಡಿಸುವ ಆ ಯಂತ್ರಗಳ ಕಾರಖಾನೆಯ ಸುತ್ತ ಎತ್ತರದ ಗೋಡೆ, ಗೋಡೆಯ ಮೇಲೆ ಬೀಡಿ-ಚಿಲುಮೆ ಸೇದಬಾರದೆಂಬ ಬರಹ. ರೈತರ ಬಂಡಿಗಳು ನೇರ ಅಲ್ಲಿಗೇ ಹೋಗತೊಡಗಿದವು. ಅಪ್ಪನ ದಲಾಲಿ ನಿಲ್ಲಲಿಲ್ಲ, ಆದರೆ ಹತ್ತಿ ಮನೆಗೆ ಬರುವುದು ನಿಂತಿತು. ಶಿವರಾತ್ರಿ ಆಯಿತು, ಪಡಸಾಲೆ ಬರಿದಾಗಿಯೇ ಇತ್ತು. ಹತ್ತಿಯ ಕಾಲದಲ್ಲಿ ಅದರ ಹಿಂಗೋಡೆ ನನಗೆ ಕಂಡದ್ದು ಅದೇ ಮೊದಲು. ಮೂಸಲು ಏನೂ ಇಲ್ಲದೆ ನಾನು ತಲೆಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ಬೆಂಕಿಯ ಭಯ ಮಾತ್ರ ಹಾಗೆಯೇ ಉಳಿದಿತ್ತು, ಕೂರಲು ಜಾಗ ಸಿಗದ ಬೀಗರ ಹಾಗೆ. ಅಪ್ಪ ಒಂದು ಕರಿ ಕೋಟು ಹೊಲಿಸಿದ. ಹತ್ತಿ ಇರುತ್ತಿದ್ದ ಜಾಗಕ್ಕೆ ಬೆತ್ತದ ಕುರ್ಚಿಗಳು ಬಂದವು. ಜಿನ್ನಿನ ದೊಡ್ಡ ಮಂದಿ ಮನೆಗೆ ಬರುವವರಿದ್ದಾರೆ ಎಂದು ಅವನ್ನು ದಿನವೂ ಒರೆಸುತ್ತಿದ್ದೆವು.

ಯುಗಾದಿ ಮುಗಿದ ಮೇಲೊಂದು ಮುಂಜಾನೆ ಅತ್ತೆ ಎಂದಿನಂತೆ ಕಂಬಕ್ಕೆ ಒರಗಿ ಚಿಲುಮೆ ತುಂಬುತ್ತಿದ್ದಳು. ಅಪ್ಪ ಪೂಜೆ ಮುಗಿಸಿ ಬಂದು ನಿಂತ.

“ಅಕ್ಕಾ, ಇನ್ನ ಮುಂದ ಈ ಮನ್ಯಾಗ ಧೂಮ್ರಪಾನ ಬಂದ್.”

ಅವ್ವ ನನ್ನ ಕಿವಿಯಲ್ಲಿ, “ಏನ ಬಂದ್ ಅಂತವಾ?” ಎಂದಳು. ಅತ್ತೆಗೆ ತಿಳಿದಿತ್ತು. ಆಕೆ ತಂಬಾಕು ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಹತ್ತಿ ಬರಾಕತ್ತೈತೇನು? ಹೇಳು, ಹಿತ್ತಲಕ್ಕ ಹೋಗತೇನಿ.”

“ಹತ್ತಿ ಎಲ್ಲೀದು. ಹಿತ್ತಲದಾಗೂ ಬ್ಯಾಡ. ಬಿಟ್ಟಬಿಡು.”

“ಯಾಕ?”

“ದೊಡ್ಡ ಮಂದಿ ಬರತಾರ, ಹೋಗತಾರ. ಮನಿ ಹಿರೇ ಹೆಣಮಗಳು ಚಿಲಿಮಿ ಹಿಡಕೊಂಡು ಕುಂತ್ರ ಮಂದಿ ಏನಂದಾರು?”

“ಮಂದಿ ಹೊತ್ತಿ ಉರಿತಾರೇನು?”

ಅಪ್ಪ ಜೇಬಿನಿಂದ ತಪಕೀರಿನ, ಎಂದರೆ ನಶ್ಯದ, ಡಬ್ಬಿ ತೆಗೆದು ಒಂದು ಚಿಟಿಕೆ ಮೂಗಿಗೆ ಏರಿಸಿದ. ಯೋಚನೆ ಮಾಡುವಾಗ ಅವನಿಗೆ ಅದು ಬೇಕೇ ಬೇಕು.

“ಅದೂ ಇದರ ತಂಗೀನ ಅಲ್ಲೇನೋ,” ಎಂದಳು ಅತ್ತೆ. “ನೀ ಮೂಗಿನಾಗ ಏರಸ್ತಿ, ನಾ ಬಾಯಾಗ ಎಳೀತೇನಿ.”

“ಇದರಾಗ ಹೊಗಿ ಇಲ್ಲ.”

“ಹೊಗಿ ಇಲ್ಲ, ಸೀನು ಐತಿ. ನಾ ನಿನ್ನ ಸೀನಿಗೆ ಎಂದರ ಕಾಯಿದೆ ಮಾಡೇನೇನು?”

ಅಷ್ಟರಲ್ಲಿ ಅಪ್ಪ ನಿಜವಾಗಿಯೂ ಸೀನಿದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಆಕೆ ನಗದೆ ಇದ್ದಿದ್ದರೆ ಬಹುಶಃ ಮಾತು ಅಲ್ಲಿಗೇ ಮುಗಿಯುತ್ತಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ. ಅಪ್ಪನ ಮುಖ ಬಿಗಿಯಿತು.

“ಅಕ್ಕಾ, ಚಾಷ್ಟಿ ಸಾಕು. ಈ ಮನ್ಯಾಗ ಇರೂದಾದ್ರ ಅದನ್ನ ಬಿಟ್ಟು ಇರು.”

ಅತ್ತೆ ತಿಕ್ಕಿದ ತಂಬಾಕನ್ನು ಚಿಲುಮೆಗೆ ತುಂಬಿದಳು. ಆಕೆಯ ದನಿ ಏರಲಿಲ್ಲ.

“ಇಷ್ಟ ವರ್ಷ ಹಿತ್ತಲಕ್ಕ ಹೋದೆ. ಹತ್ತಿಗೆ ಅಂಜಿ ಹೋದೆ, ತಮ್ಮಾ. ನಿನಗ ಅಂಜಿ ಅಲ್ಲ. ಸುಡೂದು ಏನರ ಇದ್ರ ಹೇಳು, ಈಗೂ ಹೋಗತೇನಿ. ಸುಮ್ಮ ಸುಮ್ಮನ ಬಿಡು ಅಂದ್ರ ಬಿಡೂದಿಲ್ಲ.”

ಹೇಳಿ, ಎದ್ದು, ತನ್ನ ಪೆಟ್ಟಿಗೆಯನ್ನು ತಾನೇ ಎಳೆದುಕೊಂಡು ಹೊಸ್ತಿಲು ದಾಟಿ ತಲೆಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತಳು. ಮನೆ ತಮ್ಮನದು, ಓಣಿ ಎಲ್ಲರದು, ಕಟ್ಟೆ ಎರಡರ ನಡುವಿನದು ಎಂಬುದು ಆಕೆಯ ಲೆಕ್ಕ. ಅಲ್ಲೇ ಊಟ, ಅಲ್ಲೇ ನಿದ್ದೆ. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಕಟ್ಟೆ, ಮಾಳಿಗೆಗಳ ಮೇಲೆ ಮಲಗುತ್ತಿದ್ದುದರಿಂದ ಅದು ಯಾರಿಗೂ ಮೊದಲು ವಿಚಿತ್ರವೆನಿಸಲಿಲ್ಲ. ವಿಚಿತ್ರವೆನಿಸಿದ್ದು ಹಗಲಿನಲ್ಲಿ. ಹಿಂದಿನ ಬೇಸಿಗೆಗಳಲ್ಲಿ ಬಾವಿಯಾಚೆ ಬೇವಿನ ಗಿಡದ ಮರೆಯಲ್ಲಿ ಯಾರಿಗೂ ಕಾಣದೆ ಸೇದುತ್ತಿದ್ದ ಚಿಲುಮೆ ಈಗ ನಡುಬೀದಿಯಲ್ಲಿ ಉರಿಯುತ್ತಿತ್ತು. ದೊಡ್ಡ ಮಂದಿಗೆ ಕಾಣಬಾರದೆಂದು ಮಾಡಿದ ಕಾಯಿದೆಯಿಂದಾಗಿ ಅದು ಊರಿಗೆಲ್ಲ ಕಂಡಿತು. ಅಪ್ಪ ಕೋಟು ಹಾಕಿಕೊಂಡು ಪೇಟೆಗೆ ಹೊರಟಾಗ ಹೊಗೆಯ ನಡುವೆಯೇ ಹಾದುಹೋಗಬೇಕಾಗುತ್ತಿತ್ತು. ಅಕ್ಕ-ತಮ್ಮ ಮಾತಾಡುತ್ತಿರಲಿಲ್ಲ. ಮಾತಾಡಲೇಬೇಕಾದಾಗ ನನ್ನ ಮೂಲಕ.

“ನೀಲಾ, ನಿಮ್ಮತ್ತಿಗೆ ಹೇಳು, ಬಿಸಲ ಐತಿ, ಒಳಗ ಬಾ ಅಂತ.”

“ನೀಲಾ, ನಿಮ್ಮಪ್ಪಗ ಕೇಳು, ಒಬ್ಬಾಕಿನ ಬರಲ್ಯೋ, ಚಿಲಿಮಿ ಜೋಡೀ ಬರಲ್ಯೋ ಅಂತ.”

ಕಟ್ಟೆಗೂ ಕುರ್ಚಿಗೂ ನಡುವೆ ನಡೆದು ನಡೆದು ನನ್ನ ಹಿಮ್ಮಡಿ ಸವೆದವು. ಅಪ್ಪ ಹೇಳಿದ್ದೂ ಸರಿ ಅನ್ನಿಸುತ್ತಿತ್ತು, ಅತ್ತೆ ಹೇಳಿದ್ದೂ ಸರಿ ಅನ್ನಿಸುತ್ತಿತ್ತು. ಈ ರೋಗವೂ ನನಗೆ ವಾಸಿಯಾಗಿಲ್ಲ. ಯಾರ ಪಕ್ಷವನ್ನೂ ಹಿಡಿಯಲಾರದೆ ಇಬ್ಬರಿಗೂ ನೀರು ಕೊಟ್ಟು ಬರುವುದೇ ನನ್ನ ನಿಲುವಾಗಿ ಹೋಗಿದೆ.

ಇದರ ನಡುವೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಜಿನ್ನಿಗೆ ಹತ್ತಿ ಹಾಕಿ ಮರಳುವ ರೈತರು ಹಳೆಯ ರೂಢಿಯಂತೆ ನಮ್ಮ ಮನೆಗೆ ಬರುತ್ತಿದ್ದರು. ಗೋಡೆಯ ಗೂಡಿನಲ್ಲಿ ಚಂಚಿ ಇಟ್ಟು ಕೋಟಿನ ಸಾವಕಾರನ ಎದುರು ಬೆತ್ತದ ಕುರ್ಚಿಯ ತುದಿಗೆ ಕೂರುವುದಕ್ಕಿಂತ, ಚಂಚಿ ಬಿಚ್ಚಿ ಗಂಗವ್ವನ ಪಕ್ಕ ಕಟ್ಟೆಯ ಮೇಲೆ ಕೂರುವುದು ಅವರಿಗೆ ಹಿತವಾಗಿ ಕಂಡಿತು. ಮಳೆ, ಬೀಜ, ಎತ್ತು, ಯಾರ ಮಗಳಿಗೆ ಎಲ್ಲಿಯ ವರ ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗತೊಡಗಿತು. ಹಿಂದೆ ನನ್ನನ್ನು ನಾಯಿಯೆಂದಿದ್ದ ಬಸಪ್ಪಜ್ಜನಂತೂ ಬಂದರೆ ಏಳುತ್ತಿರಲಿಲ್ಲ. ಒಳಗೆ ಅಪ್ಪ ಒರೆಸಿದ ಕುರ್ಚಿಗಳ ನಡುವೆ ಒಬ್ಬನೇ ಕೂತು ಹೊರಗಿನ ನಗೆಯನ್ನು ಕೇಳುತ್ತಿದ್ದ. ಜಿನ್ನಿನ ದೊಡ್ಡ ಮಂದಿ ಒಂದು ಸಲ ಬಂದು, ಚಹಾ ಕುಡಿದು, ಮೇಲಿನ ತೊಲೆ ನೋಡಿ, ಗಟ್ಟಿ ಐತಿ ಎಂದು ಹೇಳಿ ಹೋದರು. ಹೋಗುವಾಗ ಅವರಲ್ಲೊಬ್ಬರು ಕಟ್ಟೆಯ ಹತ್ತಿರ ನಿಂತು ಬಸಪ್ಪಜ್ಜನ ಚಕಮಕಿಯಿಂದ ತಮ್ಮ ಬೀಡಿಗೆ ಕಿಡಿ ಕೇಳಿದ್ದನ್ನು ನಾನು ನೋಡಿದೆ. ಅಪ್ಪನೂ ನೋಡಿದ. ಆ ದಿನ ಅವನು ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದ.

ಮುಂಗಾರು ಹತ್ತಿರವಾಯಿತು. ಕಟ್ಟೆಯ ಮೇಲೆ ಸೂರಿರಲಿಲ್ಲ. ಮಳೆ ಬಂದರೆ ಉಗರಗೋಳಕ್ಕೆ ಹೋಗುತ್ತೇನೆಂದು ಅತ್ತೆ ಅವ್ವನಿಗೆ ಹೇಳಿದಳು. ಅಲ್ಲಿ ಆಕೆಗೆ ಮೈದುನರ ಮನೆ. ದನ ಕಟ್ಟುವ ಕಡೆ ಒಂದು ಮೂಲೆ ಕೊಡುತ್ತಾರೆ, ಬೆಳಗಿನಿಂದ ಬೈಗಿನ ತನಕ ದುಡಿಸುತ್ತಾರೆ, ಸತ್ತ ಮೇಲಷ್ಟೇ ನಮಗೆ ಸುದ್ದಿ ಬರುತ್ತದೆ ಎಂದು ಅವ್ವ ಒಲೆಯ ಮುಂದೆ ಕೂತು ಅತ್ತಳು. “ಒಂದು ಚಿಲಿಮಿ ಸಲವಾಗಿ ಅಕ್ಕಾರು ಮನಿ ಬಿಡತಾರಲ್ಲವಾ,” ಎಂದಳು. ಒಲೆಗೆ ಕಟ್ಟಿಗೆ ನೂಕಿ, “ಒಂದು ಚಿಲಿಮಿ ಸಲವಾಗಿ ಇವರು ಅಕ್ಕನ್ನ ಬಿಡತಾರಲ್ಲವಾ,” ಎಂದಳು. ಎರಡನ್ನೂ ಅಪ್ಪನಿಗೆ ಹೇಳಲಿಲ್ಲ. ನಾನು ದಿನವೂ ಮಾಳಿಗೆ ಹತ್ತಿ ಮೋಡ ನೋಡತೊಡಗಿದೆ. ಊರೆಲ್ಲ ಮಳೆ ಬರಲೆಂದು ಬೇಡುತ್ತಿದ್ದಾಗ ಬಾರದಿರಲೆಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ಆ ವರ್ಷ ಮಳೆ ತುಸು ತಡವಾಯಿತು. ಅದು ನನ್ನಿಂದಲೇ ಆಯಿತೆಂದು ಹೆದರಿ, ಬೇಡಿಕೆಯನ್ನು ತಿದ್ದಿ, ಹೊಲಗಳಿಗೆ ಬರಲಿ, ನಮ್ಮ ಓಣಿಗೆ ಮಾತ್ರ ಬೇಡ ಎಂದು ಮಾಡಿಕೊಂಡೆ.

ದೇವರು ಅಷ್ಟು ನಾಜೂಕಿನ ಕೆಲಸ ಒಪ್ಪಿಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಆಕಾಶ ಕಪ್ಪಾಯಿತು. ಬಸಪ್ಪಜ್ಜನ ಬಂಡಿ ಸವದತ್ತಿ ಕಡೆಗೆ ಹೊರಟು ನಿಂತಿತ್ತು. ಉಗರಗೋಳದ ತನಕ ಬಿಟ್ಟು ಹೋಗುವುದಾಗಿ ಅವನು ಅತ್ತೆಗೆ ಮಾತು ಕೊಟ್ಟಿದ್ದ. ಪೆಟ್ಟಿಗೆ ಬಂಡಿಗೆ ಏರಿತು. ಅವ್ವ ಬುತ್ತಿ ಕಟ್ಟಿಕೊಟ್ಟಳು. ಅತ್ತೆ ಕಟ್ಟೆಯ ಮೇಲೆ ಕಡೆಯ ಚಿಲುಮೆ ಹೊತ್ತಿಸಿದಳು. ಅಷ್ಟರಲ್ಲಿ ಮಳೆ ಸುರಿಯಿತು, ಹನಿಯಾಗಿ ಅಲ್ಲ, ಕೊಡ ಮಗುಚಿದ ಹಾಗೆ. ಓಣಿಯವರೆಲ್ಲ ಒಳಗೆ ಓಡಿದರು. ಅತ್ತೆ ಓಡಲಿಲ್ಲ. ಬಸಪ್ಪಜ್ಜ ಬಂಡಿಯಿಂದ ಎಸೆದ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು, ಅದರೊಳಗೆ ಚಿಲುಮೆಯನ್ನು ಮರೆಮಾಡಿ ಕೂತೇ ಇದ್ದಳು. ಕೊಪ್ಪೆಯ ಬಾಯಿಂದ ಹೊಗೆ ಬರುತ್ತಿತ್ತು.

ಅಪ್ಪ ಹೊಸ್ತಿಲ ಒಳಗೆ ಬಂದು ನಿಂತ. ಈ ಸಲ ನನ್ನನ್ನು ನಡುವೆ ಕರೆಯಲಿಲ್ಲ.

“ಅಕ್ಕಾ, ಒಳಗ ಬಾ.”

“ಚಿಲಿಮಿ?”

“ಮೊದಲ ನೀ ಬಾ. ಆಮ್ಯಾಲ ನೋಡೂಣು.”

“ಆಮ್ಯಾಲಿಂದು ಈಗ ಹೇಳು. ಹೊತ್ತಿಸಿಕೊಂಡು ಬರಲ್ಯೋ, ಆರಿಸಿ ಬರಲ್ಯೋ?”

ಅಪ್ಪ ಜೇಬಿಗೆ ಕೈ ಹಾಕಿದ. ಡಬ್ಬಿಯನ್ನು ತೆಗೆಯದೆ ಕೈಯನ್ನು ಹೊರಗೆ ತಂದ. ಬಂಡಿಯ ಮೇಲಿಂದ ಬಸಪ್ಪಜ್ಜ ಕೂಗಿದ.

“ಸಾವಕಾರ್ರ, ಏನೈತಿ ಲಗೂ ಹೇಳ್ರಿ, ಎತ್ತು ತೊಯ್ಯಾಕತ್ತಾವ!”

“ನಿನ್ನ ಖುಷಿ, ಅಕ್ಕಾ,” ಎಂದ ಅಪ್ಪ.

“ಗಟ್ಟ್ಯಾಗಿ ಅನ್ನು. ಮಳ್ಯಾಗ ಕೇಳಸೂದಿಲ್ಲ.”

“ನಿನ್ನ ಖುಷಿ ಅಂದ್ನಿ! ಹೆಂಗ ಬೇಕ ಹಂಗ ಬಾ. ಬಾ ಅಷ್ಟ.”

ಅತ್ತೆ ಕೊಪ್ಪೆ ತೆಗೆದಳು. ಚಿಲುಮೆಯನ್ನು ಕಟ್ಟೆಯ ಕಲ್ಲಿಗೆ ಮೆಲ್ಲಗೆ ಬಡಿದಳು. ಕೆಂಡ ನೀರಿಗೆ ಬಿದ್ದು ಚುಂಯ್ ಎಂದಿತು. ತಣ್ಣಗಾದ ಚಿಲುಮೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಪ್ಪನ ಪಕ್ಕದಿಂದಲೇ ಹೊಸ್ತಿಲು ದಾಟಿ ಒಳಗೆ ಬಂದಳು. ಅಪ್ಪ ಮಳೆಯಲ್ಲಿ ಇಳಿದು ಹೋಗಿ, ಕೋಟು ತೊಯ್ಯುತ್ತಿದ್ದರೂ ಲೆಕ್ಕಿಸದೆ, ಪೆಟ್ಟಿಗೆಯನ್ನು ತಾನೇ ಹೊತ್ತು ತಂದ. ಬಸಪ್ಪಜ್ಜ ಎತ್ತು ಬಿಚ್ಚಿದ. ಅಂದು ಅವನೂ ನಮ್ಮಲ್ಲೇ ಉಂಡ. ಬಹಳ ದಿನಗಳ ಮೇಲೆ ಬಿಸಿ ರೊಟ್ಟಿ ಎಲ್ಲರಿಗೂ ಒಟ್ಟಿಗೆ ಬಿತ್ತು.

ಮರುದಿನ ಮುಂಜಾನೆ ಪೂಜೆ ಮುಗಿದು ಅಪ್ಪ ಬಂದು ಕುರ್ಚಿಯಲ್ಲಿ ಕೂತ. ಅತ್ತೆ ತನ್ನ ಕಂಬಕ್ಕೆ ಒರಗಿ, ಕಾಲು ಚಾಚಿ, ಚಿಂದಿ ಸುತ್ತಿ, ಕಲ್ಲಿಗೆ ಉಕ್ಕು ತಾಗಿಸಿದಳು. ಅಪ್ಪ ಒಮ್ಮೆ ಕೆಮ್ಮಿ, ಕುರ್ಚಿಯನ್ನು ಬಾಗಿಲ ಗಾಳಿಯ ಕಡೆಗೆ ಸರಿಸಿಕೊಂಡ. ಅಷ್ಟು ಅವನ ಖುಷಿ. ನಾನು ನೀರು ತುಂಬಿದ ತಂಬಿಗೆಯನ್ನು ಹಿಡಿದು ಅತ್ತೆಯ ಹಿಂದೆ ಬಂದು ನಿಂತಿದ್ದೆ. ಯಾವಾಗ ಬಂದೆನೋ ನನಗೇ ತಿಳಿದಿರಲಿಲ್ಲ. ಆಕೆ ಹೊಗೆ ಬಿಟ್ಟು, ತಿರುಗಿ ನೋಡಿ, ಬರಿದಾದ ಪಡಸಾಲೆಯನ್ನು ಒಮ್ಮೆ ಕೈಯಿಂದ ತೋರಿಸಿದಳು.

“ಏನ ಸುಟ್ಟೀತಂತ ನಿಂತೀಯವಾ?”

ನಾನು ಸುತ್ತಲೂ ನೋಡಿದೆ. ಕುರ್ಚಿ, ಕಂಬ, ಗೋಡೆ, ಅಪ್ಪ.

“ಗೊತ್ತಿಲ್ಲತ್ತಿ,” ಎಂದೆ.

“ಹಂಗಾರ ಆ ನೀರ ಇಲ್ಲಿ ಕೊಡು, ಬಾಯಿ ಆರೈತಿ,” ಎಂದು ತಂಬಿಗೆ ಇಸಿದುಕೊಂಡು ಕುಡಿದಳು.